ಉಪ್ಪು, ಸೂಜಿ, ಹತ್ತಿ ಇಂಥ ಸಣ್ಣ ವಸ್ತುವಿನ ಇತಿಹಾಸಕ್ಕೆ ಇಡೀ ಪುಸ್ತಕ ಓದೋದರಲ್ಲಿ ಏನು ರುಚಿ?

ಇದೇ ಪ್ರಶ್ನೆ ನನಗೂ ಇತ್ತು. ಒಂದು ಸೂಜಿಗೆ ಮುನ್ನೂರು ಪುಟ ಬರೆಯೋರಿಗೆ ಬೇರೆ ಕೆಲಸ ಇಲ್ಲವೇನು ಅನ್ನುತ್ತಿದ್ದೆ. ಮನಸ್ಸು ತಿರುಗಿದ್ದು ಹತ್ತಿಯಿಂದ.

ನಮ್ಮದು ಗದಗ ಕಡೆ ಎರಿ ಹೊಲ, ಅಂದರೆ ಕಪ್ಪು ಮಣ್ಣಿನದು. ಅಜ್ಜನ ಲೆಕ್ಕದಲ್ಲಿ ಹತ್ತಿ ಎರಡೇ ಜಾತಿ: ಜವಾರಿ, ವಿಲಾಯತಿ. ವಿಲಾಯತಿ ಅಂದರೆ ಅಂಗಡಿಯಿಂದ ತಂದ ಬೀಜ ಅಂತಲೇ ನಾನು ತಿಳಿದಿದ್ದೆ. ಮುಂದೆ ಹುಬ್ಬಳ್ಳಿಯಲ್ಲಿದ್ದಾಗ ಹತ್ತಿಯ ಇತಿಹಾಸದ್ದೊಂದು ಪುಸ್ತಕ ಸಿಕ್ಕಿತು. 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೆರಿಕದ ಬೀಜವನ್ನು ನಮ್ಮ ಸೀಮೆಯಲ್ಲಿ ಬಿತ್ತಿಸಿತ್ತು. ಅದರಿಂದ ಬಂದ ಹತ್ತಿಗೆ ಪೇಟೆಯಲ್ಲಿ 'ಧಾರವಾಡ-ಅಮೆರಿಕನ್' ಅಂತಲೇ ಹೆಸರು. ಅಜ್ಜನ ವಿಲಾಯತಿ ಇದು!

ನನ್ನನ್ನು ಹಿಡಿದು ಕೂರಿಸಿದ್ದು ಕಾಳು ಬಿಡಿಸುವ ಭಾಗ. ಜವಾರಿ ಹತ್ತಿಯನ್ನು ಚಪ್ಪಟೆ ಕಲ್ಲಿನ ಮೇಲೆ ಹರವಿ, ಹೆಂಗಸರು ಮಣೆ ಮೇಲೆ ಕೂತು, ಕಬ್ಬಿಣದ ಸರಳನ್ನು ಪಾದದಿಂದ ಮುಂದಕ್ಕೆ ಉರುಳಿಸುತ್ತಿದ್ದರು. ಕಾಳು ಮುಂದೆ ಸರಿಯೋದು, ಅರಳೆ ಹಿಂದೆ ಉಳಿಯೋದು. ಅಮೆರಿಕದ ಹತ್ತಿ ಇದಕ್ಕೆ ಜಗ್ಗಲಿಲ್ಲ, ಅದರ ನಾರು ಕಾಳಿಗೆ ಕಚ್ಚಿಕೊಂಡಿರುತ್ತದೆ. ಗರಗಸದ ಹಲ್ಲಿನ ಯಂತ್ರವೇ ಬೇಕಾಯಿತು. ಬೀಜದ ಬೆನ್ನಿಗೆ ಯಂತ್ರ ಬಂತು, ಯಂತ್ರದ ಬೆನ್ನಿಗೆ ಅದರ ರಿಪೇರಿ. 1861ರಿಂದ 65ರವರೆಗೆ ಅಮೆರಿಕದವರು ತಮ್ಮತಮ್ಮಲ್ಲೇ ಕಾದಾಡಿದಾಗ ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳಿಗೆ ಹತ್ತಿ ಇಲ್ಲದಂತಾಗಿ ನಮ್ಮಲ್ಲಿ ದರ ಏರಿತು. ಜಗಳ ಮುಗಿಯಿತು, ದರ ಬಿತ್ತು.

ಇನ್ನೊಂದು ತಮಾಷೆ ನೋಡ್ರಿ. ನಮ್ಮ ಜವಾರಿ ಹತ್ತಿಗೆ ಮುಂಬೈ ಪೇಟೆಯಲ್ಲಿ 'ಕುಮಟಾ' ಅಂತ ಹೆಸರು. ಘಟ್ಟ ಇಳಿದು ಕುಮಟಾ ಬಂದರು ಸೇರಿ, ಅಲ್ಲಿಂದ ಹಡಗಿನಲ್ಲಿ ಹೋಗುತ್ತಿತ್ತಲ್ಲ, ಅದಕ್ಕೆ. ಬೆಳೆದವರು ನಾವು, ಹೆಸರು ಬಂದರಿನದು. 1880ರ ದಶಕದಲ್ಲಿ ರೈಲು ಬಂದು ಮಾಲು ಬೇರೆ ದಾರಿ ಹಿಡಿದರೂ ಹೆಸರು ಹಾಗೇ ಉಳಿಯಿತು.

ಶಾಲೆಯ ಇತಿಹಾಸದಲ್ಲಿ ನಮ್ಮ ಹೊಲ ಎಲ್ಲೂ ಇರಲಿಲ್ಲ. ಈ ಪುಸ್ತಕದಲ್ಲಿ ಹೊಲದಿಂದಲೇ ಶುರು.

ಹಾಗಂತ ಇಂಥ ಪುಸ್ತಕಗಳೆಲ್ಲವೂ ಚೆನ್ನಾಗಿರುತ್ತವೆ ಅಂತಲ್ಲ. ಜಗತ್ತಿನ ಎಲ್ಲ ಯುದ್ಧಕ್ಕೂ ತನ್ನ ವಸ್ತುವೊಂದೇ ಕಾರಣ ಅಂತ ಲೇಖಕ ಹೊರಟರೆ ನಾನು ಅಲ್ಲಿಗೇ ಮುಚ್ಚಿಡುತ್ತೇನೆ. ಕೆಲಸ ಮಾಡುವ ಕೈಕಾಲು ಕಾಣಿಸದ ಪುಸ್ತಕವೂ ನನಗೆ ಸೇರುವುದಿಲ್ಲ.

ಊರಿಗೆ ಹೋದಾಗ ಆ ಕಲ್ಲು-ಸರಳಿನ ವರ್ಣನೆಯನ್ನು ಅಜ್ಜನಿಗೆ ಓದಿ ಹೇಳಿದೆ. "ಇದಕ್ಕ ರೊಕ್ಕಾ ಕೊಟ್ಟು ಪುಸ್ತಕಾ ತಂದೀ? ನಮ್ಮವ್ವ ಇದ ಕೆಲಸಾ ಮಾಡ್ತಿದ್ಲು. ರಾತ್ರಿ ಅಂಗಾಲಿಗೆ ಕುಸಬಿ ಎಣ್ಣಿ ತಿಕ್ಕೊಂಡು ಮಲಗತಿದ್ಲು" ಅಂದ. ಎಣ್ಣೆಯ ಮಾತು ಪುಸ್ತಕದಲ್ಲಿರಲಿಲ್ಲ. ಆ ಪುಟದ ಅಂಚಿಗೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.