ಕಡಿಮೆ ಬಡ್ಡಿಗೆ ವಿಶ್ವಬ್ಯಾಂಕ್ ಸಾಲ ಸಿಕ್ಕರೂ ಬಡ ದೇಶಗಳು ಯಾಕೆ ಮುಳುಗುತ್ತವೆ? ಭ್ರಷ್ಟಾಚಾರವೇ ಕಾರಣ ಅಂತ ಕೆಎಎಸ್ ಪ್ರಬಂಧದಲ್ಲಿ ಬರೆಯಬಹುದಾ?

2013ರವರೆಗೆ ನಾನೂ ಹಂಗೇ ಅಂದುಕೊಂಡಿದ್ದೆ. ಆಗ ಹುಬ್ಬಳ್ಳಿಯಲ್ಲಿ ವಿದೇಶಿ ಸಾಲದ ಕಾಮಗಾರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಗುತ್ತಿಗೆ ನೌಕರಿ ನನ್ನದು.

ಆ ವರ್ಷ ಮೇ ಆರಂಭದಲ್ಲಿ ಡಾಲರಿಗೆ ಸುಮಾರು 54 ರೂಪಾಯಿ, ಆಗಸ್ಟ್ ಕೊನೆಗೆ 68. ಲೆಕ್ಕ ಹಗುರಾಗಲಿ ಅಂತ ಸಾಲ 1 ಕೋಟಿ ಡಾಲರ್ ಅಂದುಕೊಳ್ಳಿ. 60 ಲಕ್ಷ ಎತ್ತಿ ಖರ್ಚಾಗಿದೆ, 40 ಲಕ್ಷ ಇನ್ನೂ ಎತ್ತಿಲ್ಲ. ಎತ್ತದ ಆ ಡಾಲರ್ ಮೇ ತಿಂಗಳ ದರದಲ್ಲಿ 21.6 ಕೋಟಿ ರೂಪಾಯಿ, ಆಗಸ್ಟ್ ದರದಲ್ಲಿ 27.2 ಕೋಟಿ. ನಾನು ಟಿಪ್ಪಣಿಯಲ್ಲಿ ‘ಉಳಿತಾಯ: 5.6 ಕೋಟಿ’ ಅಂತ ಬರೆದುಬಿಟ್ಟೆ. ಅದನ್ನು ನಂಬಿ ಹೆಚ್ಚುವರಿ ಕೆಲಸದ ಎಸ್ಟಿಮೇಟೂ ತಯಾರಾಯ್ತು.

ಮೇಲಿನ ಸಾಹೇಬ್ರು ಕೆಂಪು ಪೆನ್ನಲ್ಲಿ ಒಂದೇ ಸಾಲು ಗೀಚಿದ್ರು: ‘ಇದು ಉಳಿತಾಯ ಅಲ್ರಿ, ಸಾಲ. ಎತ್ತಿದ 60 ಲಕ್ಷದ ಲೆಕ್ಕ ಎಲ್ಲೈತಿ?’

ಅದನ್ನು ನಾನು ಹಾಕೇ ಇರಲಿಲ್ಲ. ಎತ್ತಿ ಮುಗಿದ ಹಣ ಅಂತ ಬಿಟ್ಟಿದ್ದೆ. ಆದರೆ ತೀರಿಸೋದು ಡಾಲರಲ್ಲಿ. ಆ 60 ಲಕ್ಷದ ಹೊರೆ 32.4 ಕೋಟಿಯಿಂದ 40.8 ಕೋಟಿಗೆ ಏರಿತ್ತು. ಒಂದು ಚರಂಡಿಯೂ ಹೆಚ್ಚಿಗೆ ಆಗದೆ 8.4 ಕೋಟಿ ಮೈಮೇಲೆ ಬಂತು! ನಾನು ಉಳಿತಾಯ ಅಂದ 5.6 ಕೋಟಿಯೂ ತೀರಿಸಬೇಕಾದ ಹಣವೇ. ಮಾಡಬೇಕಿದ್ದದ್ದು ಬೇರೆ: ಉಳಿದ ಕೆಲಸಕ್ಕೆ 21.6 ಕೋಟಿ ಸಾಕಾದ್ರೆ 68ರ ದರದಲ್ಲಿ ಸುಮಾರು 32 ಲಕ್ಷ ಡಾಲರ್ ಸಾಕು, ಇನ್ನುಳಿದ 8 ಲಕ್ಷವನ್ನು ರದ್ದು ಮಾಡಿ ಅಂತ ಪತ್ರ ಬರೀಬೇಕಿತ್ತು. ಎಸ್ಟಿಮೇಟು ವಾಪಸ್ ಹೋಯ್ತು, ಮಾರ್ಚಿಗೆ ನನ್ನ ಗುತ್ತಿಗೆಯೂ ಮುಗೀತು.

ಈಗ ನಿಮ್ಮ ಪ್ರಶ್ನೆ. ಅದರ ಬುಡವೇ ಸರಿಯಿಲ್ಲ ಅನ್ನಿಸ್ತದೆ. ನೀವು ಹೇಳೋ ಅಗ್ಗದ ಸಾಲ ಐಡಿಎಯದು, ಅಂದ್ರೆ ಬಡ ದೇಶಗಳಿಗೆ ಸಾಲ ಕೊಡೋ ವಿಶ್ವಬ್ಯಾಂಕಿನ ಅಂಗದ್ದು. ಸಾಮಾನ್ಯ ಷರತ್ತು 38 ವರ್ಷ, ಮೊದಲ 6 ವರ್ಷ ಅಸಲು ಕಟ್ಟಬೇಕಾಗಿಲ್ಲ. ಅದೊಂದರಿಂದಲೇ ಮುಳುಗೋದು ಅಪರೂಪ. 2020ರ ನವೆಂಬರಿನಲ್ಲಿ ಝಾಂಬಿಯಾ ಕಟ್ಟದೆ ಉಳಿಸಿಕೊಂಡದ್ದು ವಿಶ್ವಬ್ಯಾಂಕಿನ ಕಂತಲ್ಲ, ಯೂರೋಬಾಂಡಿನ (ವಿದೇಶಿ ಹೂಡಿಕೆದಾರರಿಗೆ ಮಾರಿದ ಡಾಲರ್ ಸಾಲಪತ್ರದ) 4.25 ಕೋಟಿ ಡಾಲರ್ ಬಡ್ಡಿ. ಘಾನಾದಲ್ಲಿ 2022ರ ಆರಂಭಕ್ಕೆ ಡಾಲರಿಗೆ ಸುಮಾರು 6 ಸೆಡಿ (ಅಲ್ಲಿನ ಕರೆನ್ಸಿ) ಇದ್ದದ್ದು ನವೆಂಬರಿಗೆ 14ರ ಆಸುಪಾಸು. ಡಿಸೆಂಬರಿನಲ್ಲಿ ಹೆಚ್ಚಿನ ವಿದೇಶಿ ಸಾಲದ ಪಾವತಿಯನ್ನೇ ನಿಲ್ಲಿಸಿತು. ನನ್ನ ಟಿಪ್ಪಣಿಯ ತಪ್ಪೇ ಒಂದು ದೇಶದ ಅಳತೆಯಲ್ಲಿ ಆದಂಗೆ.

ನಮ್ಮಲ್ಲೂ ಕಥೆ ಬೇರೆಯಲ್ಲ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ 24 ಗಂಟೆ ನೀರು ತಂದ ಯೋಜನೆಗೆ 2004ರಲ್ಲಿ ಮಂಜೂರಾದದ್ದು ಡಾಲರ್ ಸಾಲ, ನಳದ ಬಿಲ್ಲು ವಸೂಲಾಗೋದು ರೂಪಾಯಲ್ಲಿ. 2005ರ ಏಪ್ರಿಲಿನಿಂದ ಮಂಜೂರಾಗುವ ಇಂಥ ಸಾಲವನ್ನು ಕೇಂದ್ರ ಬಂದ ಷರತ್ತಿನಲ್ಲೇ ಕರ್ನಾಟಕದಂಥ ರಾಜ್ಯಗಳಿಗೆ ದಾಟಿಸ್ತದೆ, ಡಾಲರ್ ಏರಿದ್ರೆ ಹೊರೆ ರಾಜ್ಯದ ಖಜಾನೆಗೆ.

ಹಾಗಾಗಿ ಸಾಲದ ಒಪ್ಪಂದ ಕೈಗೆ ಸಿಕ್ಕರೆ ಬಡ್ಡಿ ಕಾಲಂ ಆಮೇಲೆ ನೋಡ್ರಿ. ಮೊದಲು ಯಾವ ಕರೆನ್ಸಿ, ಆಮೇಲೆ ಕಮಿಟ್‌ಮೆಂಟ್ ಚಾರ್ಜ್, ಅಂದ್ರೆ ಮಂಜೂರಾಗಿಯೂ ಎತ್ತದ ಹಣಕ್ಕೆ ಕಟ್ಟೋ ಶುಲ್ಕ. ಅದು ವರ್ಷಕ್ಕೆ 0.25 ಪರ್ಸೆಂಟ್ ಅಂದ್ರೆ, ಟೆಂಡರ್ ಒಂದು ವರ್ಷ ತಡವಾದ್ರೆ ಆ 40 ಲಕ್ಷಕ್ಕೇ 10,000 ಡಾಲರ್ ಹೋಯ್ತು. ಭ್ರಷ್ಟಾಚಾರದ ಪ್ಯಾರಾ ಇದಾದ ಮೇಲೆ ಬರೀರಿ.