ಮೂಲೆಯಲ್ಲಿರುವ ಆ ಅಕ್ಷರಗಳು

ಪ್ರಶ್ನೆ: ಟೊರಾಂಟೊದಿಂದ ಬಂದ ಮಗಳು ನಾರ್ವಲ್ ಮಾರಿಸೊ ಎಂಬುವರ ಚಿತ್ರಗಳಿರುವ ಕ್ಯಾಲೆಂಡರ್ ತಂದಿದ್ದಾಳೆ. ಮೀನು, ಕರಡಿ ಎಲ್ಲದರ ಹೊಟ್ಟೆಯೊಳಗೆ ಏನಿದೆ ಅನ್ನುವುದೂ ಕಾಣುತ್ತದೆ! ಮೂಲೆಯಲ್ಲಿ ಕೊಕ್ಕೆ, ತ್ರಿಕೋನದಂಥ ಅಕ್ಷರಗಳು. ಈ ಬಣ್ಣ ನೋಡಿದರೆ ಕಾಯಿಲೆ ವಾಸಿಯಾಗುತ್ತೆ ಅಂತಾಳೆ. ನಿಜಾನಾ?
– ಒಬ್ಬ ಓದುಗರು, ಹಾಸನ

ಉತ್ತರ: ಬಿಪಿ ಮಾತ್ರೆ ಮಾತ್ರ ನಿಲ್ಲಿಸಬೇಡಿ! ಆದರೆ ಮಗಳ ಮಾತನ್ನು ಸುಮ್ನೆ ತಳ್ಳಿಹಾಕುವಂತೆಯೂ ಇಲ್ಲ. ನೀವು ಕೇಳಿದ ಆ ಕೊಕ್ಕೆ ಅಕ್ಷರಗಳಲ್ಲೇ ಅರ್ಧ ಕಥೆ ಇದೆ.

ಮಾರಿಸೊ ಕೆನಡಾದ ಒಂಟಾರಿಯೊದವರು, ಒಜಿಬ್ವೆ ಅನ್ನುವ ಮೂಲನಿವಾಸಿ ಜನ. ಬೆಳೆದದ್ದು ತಾಯಿಯ ತಂದೆಯ ಹತ್ತಿರ. ಆ ಅಜ್ಜ ಶಾಮನ್, ಅಂದರೆ ದೇವರ ಕೆಲಸ, ಮದ್ದು ಎರಡೂ ಬಲ್ಲವನು. ಆರನೇ ವಯಸ್ಸಿಗೆ ಹುಡುಗನನ್ನು ವಸತಿ ಶಾಲೆಗೆ ಹಾಕಿದರು. ಮೂಲನಿವಾಸಿ ಮಕ್ಕಳಿಂದ ಅವರ ಭಾಷೆ, ನಂಬಿಕೆ ಬಿಡಿಸುವುದಕ್ಕೇ ಇದ್ದ ಶಾಲೆಗಳು ಅವು. 19ರ ಹೊತ್ತಿಗೆ ಸಾಯುವಂಥ ಕಾಯಿಲೆ ಬಂತು. ಆಗ ಮದ್ದು ಕೊಡುವ ಹೆಂಗಸೊಬ್ಬಳು ಶಾಸ್ತ್ರ ಮಾಡಿ ಹೊಸ ಹೆಸರಿಟ್ಟಳು: ತಾಮ್ರದ ಗುಡುಗು ಹಕ್ಕಿ. ಹೆಸರಿಗೆ ಬಲ ಇದ್ದರೆ ಜೀವ ಉಳಿಯುತ್ತದೆ ಅನ್ನುವುದು ಅವರ ನಂಬಿಕೆ. ಹುಡುಗ ಉಳಿದ. ಆಮೇಲೆ ಹೆಂಡತಿಯಿಂದ ಕ್ರೀ ಅನ್ನುವ ಇನ್ನೊಂದು ಮೂಲನಿವಾಸಿ ಜನರ ಲಿಪಿ ಕಲಿತು, ಜೀವ ಉಳಿಸಿದ ಆ ಹೆಸರನ್ನೇ ಚಿತ್ರಗಳ ಮೇಲೆ ಸಹಿ ಮಾಡಿದರು. ಮೂಲೆಯಲ್ಲಿರುವುದು ಅದೇ.

ಇನ್ನು ಹೊಟ್ಟೆಯೊಳಗೆ ಕಾಣುವುದು. ದಪ್ಪ ಕಪ್ಪು ಗೆರೆಯೊಳಗೆ ಬಣ್ಣ ತುಂಬಿ, ಒಳಗಿನದನ್ನೂ ಬರೆಯುವ ಈ ರೀತಿಗೆ ಎಕ್ಸ್-ರೇ ಅಂತಲೇ ಹೆಸರು. ಮೀನಿನಿಂದ ಮನುಷ್ಯನಿಗೆ, ಮನುಷ್ಯನಿಂದ ಹಕ್ಕಿಗೆ ಗೆರೆ ಎಳೆದಿರುತ್ತಾರೆ, ಬೆರಳಿಟ್ಟು ಹಿಂಬಾಲಿಸಿ ನೋಡಿ, ಯಾರೂ ಒಂಟಿಯಾಗಿರುವುದಿಲ್ಲ. ಚಿತ್ರದಲ್ಲಿರುವ ಈ ದೇವರ ಕಥೆಗಳೆಲ್ಲ ಹೊರಗಿನವರಿಗೆ ತೋರಿಸುವಂಥದ್ದಲ್ಲ ಅಂತ ಅವರ ಹಿರಿಯರೇ ಕೆಲವರು ಸಿಟ್ಟಾಗಿದ್ದರು. ಅವರ ಸಿಟ್ಟೂ ತಪ್ಪಲ್ಲ, ದೇವರ ವಿಷಯ ಅಲ್ವಾ? ಮಾರಿಸೊ ಮಾತ್ರ ಬರೆದೇ ಬರೆದರು. 1962ರಲ್ಲಿ ಟೊರಾಂಟೊದಲ್ಲಿ ಇಟ್ಟ ಚಿತ್ರಗಳೆಲ್ಲ ಮಾರಾಟವಾದವು.

ಬಣ್ಣಕ್ಕೆ ವಾಸಿ ಮಾಡುವ ಗುಣ ಇದೆ ಅಂತ ಅವರೂ ನಂಬಿದ್ದರು. ಹಾಗಂತ ಅವರ ಸ್ವಂತ ಬದುಕು ನೆಟ್ಟಗಾಗಲಿಲ್ಲ: ಕುಡಿತ, ಜೈಲು, ಬೀದಿವಾಸ ಎಲ್ಲ ಆಯಿತು. ನನಗನಿಸುವುದು, ಶಾಲೆ ಮರೆಸಲು ನೋಡಿದ್ದನ್ನು ಅಷ್ಟು ದೊಡ್ಡದಾಗಿ, ಅಷ್ಟು ಕೆಂಪು ಹಳದಿಯಲ್ಲಿ ಬರೆದದ್ದೇ ಅವರ ಜನಕ್ಕೆ ಮದ್ದಿನಂತೆ ಆಗಿರಬೇಕು.

ಅಂದಹಾಗೆ, ಮಗಳು ಮುಂದೆ ಅಸಲಿ ಚಿತ್ರವನ್ನೇ ಕೊಳ್ಳುತ್ತೇನೆ ಅಂದರೆ ಹುಷಾರು ಅನ್ನಿ. ಇವರ ಹೆಸರಲ್ಲಿ ನಕಲಿ ಜಾಸ್ತಿ. 2023ರಲ್ಲಿ ಅಲ್ಲಿನ ಪೊಲೀಸರು ಎಂಟು ಜನರನ್ನು ಹಿಡಿದರು, ಜಪ್ತಿಯಾದ ಚಿತ್ರಗಳು ಸಾವಿರಕ್ಕೂ ಹೆಚ್ಚು.