ಸ್ಕೌಟ್ ಪ್ಯಾಂಟ್: ಸೊಂಟಕ್ಕಿಂತ ಸೀಟಿನ ಅಳತೆ ಮುಖ್ಯ

ಪ್ರಶ್ನೆ: ಮಗ ಆರನೇ ತರಗತಿ, ಈ ವರ್ಷ ಸ್ಕೌಟ್ಸ್ ಸೇರಿದ್ದಾನೆ. ಏಪ್ರಿಲ್‌ನಲ್ಲಿ ಐದು ದಿನದ ಶಿಬಿರ. ನೇವಿ ಬ್ಲೂ ಪ್ಯಾಂಟ್ ರೆಡಿಮೇಡ್ ತರಲೋ, ಹೊಲಿಸಲೋ? ಬೆಳೆಯುವ ಹುಡುಗ, ಒಂದು ಸೈಜ್ ದೊಡ್ಡದೇ ತಂದರೆ ಆಗದೇ?
– ಗೃಹಿಣಿ, ತಿಪಟೂರು

ಉತ್ತರ: ದೊಡ್ಡ ಸೈಜ್ ಖಂಡಿತ ಬೇಡ. ಸೊಂಟ ಎರಡಿಂಚು ಸಡಿಲವಾದರೆ ಬೆಲ್ಟ್ ಬಿಗಿದಾಗ ಬಟ್ಟೆ ನೆರಿಗೆಗಟ್ಟಿ ಹೊಟ್ಟೆಗೆ ಒತ್ತುತ್ತದೆ, ಇನ್‌ಶರ್ಟ್ ಕಿತ್ತು ಬರುತ್ತದೆ. ಅಷ್ಟಾದರೂ ಸೀಟಿನ ಹೊಲಿಗೆ ಬಿಡುವುದು ತಪ್ಪುವುದಿಲ್ಲ. ಶಿಬಿರದಲ್ಲಿ ಹುಡುಗರು ಗೂಟ ಹೊಡೆಯಲು, ಗಂಟು ಹಾಕಲು, ಒಲೆ ಹಚ್ಚಲು ದಿನಕ್ಕೆ ಹತ್ತಾರು ಬಾರಿ ಕುಕ್ಕರುಗಾಲಲ್ಲಿ ಕೂರುತ್ತಾರೆ. ಎಳೆತವೆಲ್ಲ ಹಿಂಭಾಗದ ಆ ಒಂದು ಹೊಲಿಗೆಯ ಮೇಲೆ. ಅಂಗಡಿಯಲ್ಲಿ ಹಾಕಿಸಿ ನೋಡುವಾಗ ನಿಲ್ಲಿಸಿ ನೋಡಿದರೆ ಸಾಲದು. ಪೂರ್ತಿ ಕುಕ್ಕರಿಸಿ ಕೂರಿಸಿ, ಒಂದೊಂದೇ ಮಂಡಿಯನ್ನು ಸೊಂಟದ ಮಟ್ಟಕ್ಕೆ ಎತ್ತಿಸಿ. ತೊಡೆ ಬಿಗಿದರೆ, ಬೆನ್ನ ಹಿಂದೆ ಪ್ಯಾಂಟ್ ಕೆಳಗೆ ಜಾರಿದರೆ ಅದು ಬೇಡ.

ಒಳ್ಳೆಯ ಟೈಲರ್ ಸಿಕ್ಕರೆ ಹೊಲಿಸುವುದೇ ಮೇಲು. 58 ಇಂಚು ಪನ್ನದ (ಅಗಲದ) ಬಟ್ಟೆಯಾದರೆ ಈ ವಯಸ್ಸಿಗೆ 1.2 ಮೀಟರ್ ಸಾಕು. ಕೆಳಗೆ ಎರಡೂವರೆ ಇಂಚು ಮಡಿಕೆ, ಸೀಟಿನಲ್ಲಿ ಒಳಗೆ ಒಂದೂವರೆ ಇಂಚು ಬಟ್ಟೆ ಬಿಡಲು ಹೇಳಿ. ಸೀಟಿಗೆ ಎರಡು ಸಾಲು ಹೊಲಿಗೆ, ಅದೂ ಪಾಲಿಯೆಸ್ಟರ್ ದಾರದಲ್ಲಿ. ಹಿಂದಿನ ಜೇಬಿಗೆ ಗುಂಡಿ ಇರಲಿ. ಲೂಪ್ ಹೊಲಿಯುವ ಮುಂಚೆ ಸ್ಕೌಟ್ ಬೆಲ್ಟನ್ನೇ ಟೈಲರ್ ಕೈಗೆ ಕೊಡಿ. ಆ ಅಗಲದ ಬೆಲ್ಟ್ ಎಷ್ಟೋ ರೆಡಿಮೇಡ್ ಪ್ಯಾಂಟಿನ ಲೂಪಿಗೆ ತೂರುವುದೇ ಇಲ್ಲ.

ಒಂದು ಎಚ್ಚರಿಕೆ: ಎರಡು ವರ್ಷ ಬಿಟ್ಟು ಮಡಿಕೆ ಬಿಚ್ಚಿದರೆ ಅಂಚಿನಲ್ಲಿ ಬೆಳ್ಳಗಿನ ಗೆರೆ ಕಾಣುತ್ತದೆ, ಅದರ ಕೆಳಗಿನ ಬಟ್ಟೆ ಇನ್ನೂ ಕಡುನೀಲಿಯಾಗಿರುತ್ತದೆ. ಅದಕ್ಕೇ ಆರು ತಿಂಗಳಿಗೊಮ್ಮೆ ಅರ್ಧ ಇಂಚಿನಷ್ಟು ಇಳಿಸುತ್ತ ಬನ್ನಿ. ಒಳಮಗ್ಗುಲು ಹೊರಗೆ ಮಾಡಿ ಒಗೆದು ನೆರಳಲ್ಲಿ ಒಣಗಿಸಿದರೆ ಬಣ್ಣ ಹೆಚ್ಚು ಕಾಲ ಉಳಿಯುತ್ತದೆ. ಎರಡು ಪ್ಯಾಂಟ್ ಬೇಕಿದ್ದರೆ ಒಂದೇ ಥಾನಿನ ಬಟ್ಟೆ ತನ್ನಿ, ಥಾನು ಬದಲಾದರೆ ನೀಲಿಯೂ ಬದಲಾಗಬಹುದು. ಅರ್ಧ ಪ್ಯಾಂಟೋ ಪೂರ್ತಿ ಪ್ಯಾಂಟೋ ಎಂಬುದನ್ನು ಮಾತ್ರ ಮೊದಲೇ ಸ್ಕೌಟ್ ಮಾಸ್ಟರ್ ಅವರನ್ನು ಕೇಳಿ, ಇಡೀ ಟ್ರೂಪ್ ಒಂದೇ ತೆರನಾಗಿ ಕಾಣಬೇಕು.

ಪ್ರಶ್ನೆ: ಟೆರಿಕಾಟ್ ಒಳ್ಳೆಯದೋ, ಕಾಟನ್ ಡ್ರಿಲ್ಲೋ?
– ಓದುಗರು, ಸಾಗರ

ಉತ್ತರ: ಯೂನಿಫಾರ್ಮಿಗೆ ಟೆರಿಕಾಟ್. ರಾತ್ರಿ ಒಗೆದು ಹರವಿದರೆ ಬೆಳಗಿನ ಧ್ವಜಾರೋಹಣದ ಹೊತ್ತಿಗೆ ಸಾಮಾನ್ಯವಾಗಿ ಒಣಗಿರುತ್ತದೆ, ಇಸ್ತ್ರಿಯಿಲ್ಲದಿದ್ದರೂ ಮುದುಡಿದಂತೆ ಕಾಣುವುದಿಲ್ಲ. ಆದರೆ ಅದರಲ್ಲಿರುವ ಪಾಲಿಯೆಸ್ಟರ್ ಬೆಂಕಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ಕಿಡಿ ಬಿದ್ದರೆ ಸಣ್ಣ ತೂತು, ಅದರ ಸುತ್ತ ಗಟ್ಟಿ ಅಂಚು. ಹಾಗಾಗಿ ಅಡುಗೆಯ ಸರದಿ ಬಂದಾಗ, ಬೆಂಕಿಯ ಹತ್ತಿರ ಕೂರುವಾಗ ಡ್ರಿಲ್‌ನಂಥ ದಪ್ಪ ಕಾಟನ್ ಪ್ಯಾಂಟ್ ಹಾಕಿಸಿ. ಡ್ರಿಲ್ ತಂದರೆ ಹೊಲಿಗೆಗೆ ಕೊಡುವ ಮುಂಚೆ ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ಪಾದದ ಗಂಟು ಕಾಣುತ್ತದೆ.

ಪ್ರಶ್ನೆ: ಹೈಕ್‌ಗೆ ಜೀನ್ಸ್ ಹಾಕಬಹುದೇ? ಕಳೆದ ಬಾರಿ ಮಗನ ಒಳತೊಡೆ ಉರಿದು ನಡೆಯಲಾಗಲಿಲ್ಲ.
– ಓದುಗರು, ಹೊಸಪೇಟೆ

ಉತ್ತರ: ಬೇಡ. ಬೆವರು ಹೀರಿದ ಜೀನ್ಸ್ ಭಾರವಾಗುತ್ತದೆ, ಬೇಗ ಒಣಗುವುದಿಲ್ಲ, ಒಳತೊಡೆಯ ದಪ್ಪ ಹೊಲಿಗೆ ಹೆಜ್ಜೆಹೆಜ್ಜೆಗೂ ತಿಕ್ಕುತ್ತದೆ. ಉರಿಗೆ ಅದೇ ಕಾರಣವಿರಬಹುದು. ತೆಳುವಾದ ಸಡಿಲ ಪ್ಯಾಂಟ್, ಒಳಗೆ ತೊಡೆ ಮುಚ್ಚುವ ಉದ್ದನೆಯ ಚಡ್ಡಿ ಹಾಕಿಸಿ. ಹೊರಡುವ ಮುಂಚೆ ಒಳತೊಡೆಗೆ ತೆಳ್ಳಗೆ ವ್ಯಾಸಲೀನ್ ಸವರಿ. ಮಲೆನಾಡಿನ ಕಡೆ, ಅದರಲ್ಲೂ ಮಳೆಯಾಗಿದ್ದರೆ, ಇಂಬಳ (ಜಿಗಣೆ) ಹತ್ತದಂತೆ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಲು ಹೇಳಿಕೊಡಿ.